ಮೊದಲು ಸಾಲಿ ಅನ್ನಬೇಕು

‘ನನಗೆ ಗೊತ್ತಿಲ್ಲ’ ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಇದು ನನ್ನ ಹುಟ್ಟುಗುಣ. ಇಪ್ಪತ್ತೆರಡು ವರ್ಷ ಸಣ್ಣ ಮಕ್ಕಳ ಮುಂದೆ ನಿಂತು ಪಾಠ ಹೇಳಿ ಹೇಳಿ ಆ ಗುಣ ಇನ್ನೂ ಗಟ್ಟಿಯಾಗಿದೆ. ಮಕ್ಕಳು ಏನೇ ಕೇಳಲಿ, ಉತ್ತರ ತಟ್ಟನೆ ಬಾಯಿಗೆ ಬರುತ್ತದೆ. ಅದು ಸರಿಯೋ ತಪ್ಪೋ ಎಂದು ಮನೆಗೆ ಹೋಗುವ ಬಸ್ಸಿನಲ್ಲಿ ಯೋಚಿಸುತ್ತೇನೆ. ಬಹಳ ಸಲ ಬಸ್ಸಿನಲ್ಲಿ ನಿದ್ದೆ ಬಂದುಬಿಡುತ್ತದೆ.

ನಮ್ಮ ಮನೆ ಭಾಲ್ಕಿಯಲ್ಲಿ. ನಾನು ಕಲಿಸುವುದು ಔರಾದ ತಾಲೂಕಿನ ಒಂದು ಸಣ್ಣ ಊರಲ್ಲಿ, ಠಾಣಾ ಕುಶನೂರಿನಲ್ಲಿ ಇಳಿದು ಇನ್ನೊಂದು ಗಾಡಿ ಹಿಡಿಯಬೇಕು. ಬರೆಯುವಾಗ ನಾವು ಶಾಲೆ ಎಂದೇ ಬರೆಯುತ್ತೇವೆ, ಬಾಯಲ್ಲಿ ಮಾತ್ರ ಅದು ಸಾಲಿ. “ಸಾಲಿಗಿ ಹೋಗ್ತೇನಿ”, “ಸಾಲಿ ಬಿಟ್ತು”, “ನಾಳಿ ಸಾಲಿ ಅದ ಏನ್ರಿ?” ಈ ಕೊನೆಯದನ್ನಂತೂ ಸಂಜೆ ಗಂಟೆ ಹೊಡೆದ ಕೂಡಲೇ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. ಇಲ್ಲ ಎಂದುಬಿಡಲಿ ಎಂಬ ಆಸೆ. ನಾನು ಗಟ್ಟಿ ದನಿಯಲ್ಲಿ “ಅದ! ಯಾಕ ಇರಂಗಿಲ್ಲ?” ಎಂದು ಗದರುತ್ತೇನೆ, ಅವರು ನಗುತ್ತ ಓಡುತ್ತಾರೆ.

ಮಳೆಗಾಲ ಮುಗಿಯುವ ಹೊತ್ತಿಗೆ ಬೀದರಿನಲ್ಲಿ ನಮಗೆ ಒಂದು ದಿನದ ತರಬೇತಿ ಇಟ್ಟಿದ್ದರು. ತರಬೇತಿ ಕೊಡಲು ಬಂದ ಹುಡುಗಿಗೆ ನನ್ನ ಅರ್ಧ ವಯಸ್ಸು. ಗೋಡೆಯ ಮೇಲೆ ಚಿತ್ರ ಬಿಟ್ಟು ಬಿಟ್ಟು ಮಾತಾಡಿದಳು. ಮಧ್ಯಾಹ್ನದ ಊಟದ ನಂತರ, ನಮ್ಮೆಲ್ಲರ ಕಣ್ಣು ಎಳೆಯುತ್ತಿದ್ದಾಗ, ಒಂದು ಕೆಲಸ ಹೇಳಿದಳು. ಪ್ರತಿಯೊಂದು ಶಾಲೆಯೂ ಮಕ್ಕಳಿಗೆ ಸುರಕ್ಷಿತವಾದ, ಕಲಿಕೆಗೆ ಉಪಯೋಗವಾಗುವ ಹತ್ತು ಜಾಲತಾಣಗಳ ಪಟ್ಟಿ ಮಾಡಿ ಪಾಲಕರಿಗೆ ಕೊಡಬೇಕು. ಹದಿನೈದು ದಿನ ಸಮಯ.

ನನ್ನ ಪಕ್ಕದಲ್ಲಿದ್ದವರು ಎದ್ದು ಕೇಳಿದರು. “ಸುರಕ್ಷಿತ ಅದನೋ ಇಲ್ಲೋ ಅಂಬೋದು ನಮಗ ಹ್ಯಾಂಗ್ ಗೊತ್ತಾಗಬೇಕ್ರಿ?”

“ನೀವೇ ತೆರೆದು ಪರಿಶೀಲಿಸಬೇಕು, ಮೇಡಂ” ಎಂದಳು. ಅಷ್ಟರಲ್ಲಿ ಚಹಾ ಬಂತು.

ನನಗೂ ಅದೇ ಕೇಳಬೇಕಾಗಿತ್ತು. ಕೇಳಲಿಲ್ಲ. ಗೊತ್ತಿದ್ದವಳ ಹಾಗೆ ತಲೆಯಾಡಿಸಿದೆ.

ಮರುದಿನದಿಂದ ಹುಡುಕಾಟ ಶುರುವಾಯಿತು. ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಒಂದರಿಂದ ಹತ್ತರವರೆಗೆ ಅಂಕಿ ಹಾಕಿಕೊಂಡೆ. ಅಂಕಿ ಹಾಕುವುದು ಸುಲಭ. ಮೊದಲು ಸಿಕ್ಕಿದ್ದು ಚಂದದ ತಾಣ, ಕನ್ನಡ ಕತೆಗಳು, ಬಣ್ಣದ ಚಿತ್ರಗಳು. ಬರೆದುಕೊಂಡೆ. ಸಂಜೆ ಮತ್ತೆ ತೆರೆದರೆ ಅದೇ ಮೊಲದ ಕತೆಯ ಪಕ್ಕದಲ್ಲಿ ಇಸ್ಪೀಟು ಆಡಿ ಗೆಲ್ಲಿರಿ ಎಂದು ಒಬ್ಬ ಮೀಸೆಯವನು ಕರೆಯುತ್ತಿದ್ದ. ಬೆಳಿಗ್ಗೆ ಇವನು ಎಲ್ಲಿದ್ದ ಮಾರಾಯ? ಹೊಡೆದು ಹಾಕಿದೆ. ಮರುದಿನ ತೆರೆದರೆ ಅವನಿಲ್ಲ, ಅವನ ಜಾಗದಲ್ಲಿ ಹಾಲಿನ ಪುಡಿಯ ಡಬ್ಬಿ. ಮತ್ತೆ ಬರೆಯಬೇಕೋ ಬೇಡವೋ ತಿಳಿಯಲಿಲ್ಲ. ಇನ್ನೊಂದು ತಾಣ ಪೂರಾ ಇಂಗ್ಲಿಷಿನಲ್ಲಿತ್ತು, ಸುರಕ್ಷಿತವಾಗಿರಬಹುದು, ನಮ್ಮ ಮಕ್ಕಳಿಗೆ ಒಂದು ಅಕ್ಷರವೂ ಹತ್ತುವುದಿಲ್ಲ. ಮತ್ತೊಂದು ಒಳಗೆ ಬಿಡಲು ತಂದೆಯ ಫೋನ್ ನಂಬರು, ಹುಟ್ಟಿದ ತಾರೀಖು, ಎಲ್ಲ ಕೇಳಿತು. ಮಕ್ಕಳ ಕವಿತೆ ಓದಲು ಹುಟ್ಟಿದ ತಾರೀಖು ಯಾಕೆ ಬೇಕು? ಸಿಟ್ಟು ಬಂದು ಮುಚ್ಚಿಬಿಟ್ಟೆ. ಒಂದು ವಾರ ಕಳೆದರೂ ಪಟ್ಟಿಯಲ್ಲಿ ಬರೆದದ್ದಕ್ಕಿಂತ ಹೊಡೆದದ್ದೇ ಹೆಚ್ಚಾಗಿತ್ತು.

ಪಾಲಕರ ಸಭೆಯಲ್ಲಿ ಜಾಲತಾಣ ಎಂದು ನಾಲ್ಕು ಸಲ ಹೇಳಿದೆ. ಒಬ್ಬ ಅಜ್ಜಿ ಗಾಬರಿಯಿಂದ ಕೇಳಿದಳು. “ಪೊಲೀಸ್ ಠಾಣಾಕ್ಕ ಯಾಕ್ರಿ ಯವ್ವಾ? ನಮ್ಮ ಹುಡುಗ ಏನ್ ಮಾಡ್ಯಾನ?” ಎಲ್ಲರೂ ನಕ್ಕರು, ನಾನೂ ನಕ್ಕೆ. ನನ್ನ ಪರಿಸ್ಥಿತಿಯೂ ಆ ಅಜ್ಜಿಗಿಂತ ಬೇರೆ ಇರಲಿಲ್ಲ.

ಆಮೇಲೆ ಒಂದು ದಿನ ಉಪಾಯ ಹೊಳೆಯಿತು. ನನ್ನ ಮೊಬೈಲಿನಲ್ಲಿ ಮೈಕಿನ ಗುರುತು ಒತ್ತಿ ಬಾಯಲ್ಲೇ “ಸಾಲಿ ಹಾಡು” ಅಂದೆ. ಬಂದದ್ದೆಲ್ಲ ಮಕ್ಕಳ ಹಾಡು! “ಸಾಲಿ ಕತಿ” ಅಂದೆ. ಒಳ್ಳೆಯ ಕತೆಗಳೇ ಬಂದವು. “ಸಾಲಿ ಲೆಕ್ಕ” ಅಂದರೆ ಮಗ್ಗಿ. ಬರೀ “ಹಾಡು” ಅಂದಾಗ ಕುಣಿಯುವವರು ಬರುತ್ತಿದ್ದರು, ಮುಂದೆ ಸಾಲಿ ಅಂದರೆ ಒಬ್ಬರೂ ಇಲ್ಲ. ಅಯ್ಯೋ, ಇಷ್ಟೇನಾ! ಬೀದರಿನ ಹುಡುಗಿ ಇಡೀ ದಿನ ಹೇಳಿಯೂ ತಿಳಿಸದೇ ಹೋದದ್ದನ್ನು ನಾನು ಒಂದು ಮಾತಿನಲ್ಲಿ ಕಂಡುಹಿಡಿದಿದ್ದೆ. ಖುಷಿಯಿಂದ ಕೈಕಾಲು ನಿಲ್ಲಲಿಲ್ಲ.

ಮರುದಿನ ತರಗತಿಯಲ್ಲಿ ಹೇಳಿದೆ. “ನಿಮ್ಮ ಮನ್ಯಾಗ ಮೊಬೈಲ್ ಕೊಟ್ರ ಮದಲ ಸಾಲಿ ಅನ್ಬೇಕು. ಆಮ್ಯಾಲ ಏನ್ ಬೇಕೋ ಅದು ಕೇಳ್ಬೇಕು. ಸಾಲಿ ಅಂದ್ರ ಹೊಲಸು ಬರಂಗಿಲ್ಲ. ತಿಳೀತಾ?”

“ತಿಳೀತ್ರಿ!” ಎಂದು ಮೂವತ್ತು ಬಾಯಿ ಕೂಗಿದವು. ಎಲ್ಲಕ್ಕಿಂತ ಜೋರಾಗಿ ಕೂಗಿದ್ದು ಮುಂದಿನ ಸಾಲಿನ ಹುಡುಗಿ.

ಅವಳು ನಾಲ್ಕನೆಯ ತರಗತಿ. ಠಾಣಾ ಕುಶನೂರಿನಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡ ದರ್ಜಿಯ ಮಗಳು. ನಮ್ಮ ಮಕ್ಕಳ ಸಮವಸ್ತ್ರ ಹೊಲಿಯುವವರು ಅವರೇ. ಮನೆಯಲ್ಲಿ ದಖನಿ ಉರ್ದು ಮಾತು, ಶಾಲೆಯಲ್ಲಿ ಕನ್ನಡ. ಎರಡರಲ್ಲೂ ಬಾಯಿ ನಿಲ್ಲದ ಮಾತಿನ ಮಲ್ಲಿ. ಔರಾದದಲ್ಲಿ ತಾಲೂಕಿನ ಮಕ್ಕಳ ಭಾಷಣ ಸ್ಪರ್ಧೆ ಇತ್ತು, ವಿಷಯ ‘ನನ್ನ ಶಾಲೆ’. ನಾನು ಇವಳನ್ನೇ ಆರಿಸಿದ್ದೆ. ಪುಸ್ತಕದ ಮಾತು ಬೇಡ, ನಿನ್ನ ಬಾಯಿಗೆ ಬಂದ ಹಾಗೆ ಹೇಳು ಎಂದಿದ್ದೆ. ಅವಳು ತಾನೇ ಕಟ್ಟಿಕೊಂಡು ಬಂದ ಭಾಷಣದ ಮೊದಲ ಸಾಲು ನನಗೆ ಈಗಲೂ ಬಾಯಿಪಾಠ. “ನಮ್ಮ ಸಾಲಿಗಿ ಎಲ್ಡು ಬಾಗ್ಲಾ ಅವ. ಒಂದು ರೋಡಿಗಿ, ಒಂದು ತೊಗರಿ ಹೊಲಕ್ಕ. ಟೀಚರ್ ರೋಡಿನ್ ಬಾಗ್ಲದಿಂದ ಬರ್ತಾರ, ನಾ ತೊಗರಿ ಬಾಗ್ಲದಿಂದ ಓಡಿ ಒಳಗ ಬರ್ತೇನಿ.” ಇದನ್ನು ಕೇಳಿದಾಗ ನನಗೆ ಎಷ್ಟು ಹೆಮ್ಮೆಯಾಗಿತ್ತೆಂದರೆ, ಮನೆಗೆ ಹೋಗಿ ಗಂಡನ ಮುಂದೆ ಮೂರು ಸಲ ಹೇಳಿದ್ದೆ.

ನಾನು ಉಪಾಯ ಹೇಳಿಕೊಟ್ಟ ಎರಡನೆಯ ದಿನ ಆ ಹುಡುಗಿಯ ತಂದೆ ಶಾಲೆಗೆ ಬಂದರು. ಒಳಗೆ ಬರದೆ ಬಾಗಿಲಲ್ಲೇ ನಿಂತರು. ಕೈಯಲ್ಲಿ ಮೊಬೈಲು, ಅದಕ್ಕೆ ಸಮವಸ್ತ್ರದ ನೀಲಿ ಬಟ್ಟೆಯ ತುಂಡು ಸುತ್ತಿತ್ತು.

“ಟೀಚರ್ರಿ, ಇದು ನನ್ ಬಾಯಿಂದ ಹೇಳಕ್ಕಾಗಲ್ರಿ. ನೀವೇ ನೋಡ್ರಿ.”

ಬಟ್ಟೆ ಬಿಚ್ಚಿ ನೋಡಿದೆ. ಯವ್ವಾ! ಒಂದು ಕ್ಷಣ ನೋಡಿ ಮೊಬೈಲನ್ನು ಮೇಜಿನ ಮೇಲೆ ಬೋರಲು ಹಾಕಿದೆ. ಎಂಥ ಚಿತ್ರಗಳು, ಎಂಥ ಹೆಂಗಸರು. ಮೇಲೆ ಹಿಂದಿಯಲ್ಲಿ ಏನೋ ಬರೆದಿತ್ತು, ನಾನು ಓದುವ ಗೋಜಿಗೆ ಹೋಗಲಿಲ್ಲ. ದರ್ಜಿಗೆ ಓದಲು ಬರುವುದು ಉರ್ದು ಅಕ್ಷರ ಮಾತ್ರ, ಹುಡುಗಿಗೆ ಕನ್ನಡ ಮಾತ್ರ. ಓದಬಲ್ಲವಳು ನಾನೊಬ್ಬಳೇ ಇದ್ದೆ, ನಾನೂ ಓದಲಿಲ್ಲ.

“ಅಕಿ ಏನಂತಾಳ?” ಎಂದೆ.

“ನೀವೇ ಹೇಳಿಕೊಟ್ಟೀರಂತ್ರಿ. ಟೀಚರ್ ಹೇಳಿದ್ದೇ ಕೇಳ್ದೆ ಅಂತಾಳ.”

“ನಾನಾ? ಇಂಥಾದ್ದು ನೋಡು ಅಂತ ನಾ ಹೇಳ್ತೇನಾ?”

“ಅದಕ್ಕೇ ಬಂದೆನ್ರಿ. ಅಕಿ ಸುಳ್ಳ ಹೇಳಾಕಿ ಅಲ್ರಿ, ನೀವೂ ಹಂಗ ಹೇಳೋರಲ್ಲ. ನನಗೇನೂ ತಿಳಿವಲ್ದು.”

ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾಗಿಯೂ ತಿಳಿಯದೆ ಬಂದಿದ್ದರು. ಆಗಲಾದರೂ ನಾನು “ನನಗೂ ತಿಳಿವಲ್ದು” ಅನ್ನಬಹುದಿತ್ತು. ಬಾಯಿ ಬರಲಿಲ್ಲ. ನನ್ನ ಹೆಸರು ಇಂಥ ಹೊಲಸಿನ ಜೊತೆ ಬಂತಲ್ಲ ಎಂದು ತಲೆಗೆ ರಕ್ತ ಏರಿತ್ತು. ಹುಡುಗಿಯನ್ನು ಕರೆದೆ. ಅವಳ ಮುಂದೆ ನನ್ನ ಮೊಬೈಲ್ ತೆಗೆದು “ಸಾಲಿ ಹಾಡು” ಅಂದೆ. ಮಕ್ಕಳ ಹಾಡುಗಳು ಸಾಲಾಗಿ ಬಂದು ನಿಂತವು.

“ನೋಡು! ಎಲ್ಲಿ ಅದ ಹೊಲಸು?”

ಅವಳು ನನ್ನ ಮೊಬೈಲನ್ನು ಕಣ್ಣು ಪಿಳಿಪಿಳಿ ಬಿಟ್ಟು ನೋಡಿದಳು. “ನಮ್ಮ ಮೊಬೈಲ್‌ದಾಗ ಹಿಂಗ ಬರ್ಲಿಲ್ರಿ. ಮೂರ್ ಸಲ ಸಾಲಿ ಅಂದೆನ್ರಿ. ಮೂರ್ ಸಲಾನೂ ಅದೇ ಬಂತು.”

“ಮೊಬೈಲ್ ಯಾವುದಾದ್ರೇನ? ಕೇಳಿದ್ದು ಒಂದೇ ಇದ್ರ ಬರೋದೂ ಒಂದೇ!”

ಎಷ್ಟು ಗಟ್ಟಿಯಾಗಿ ಹೇಳಿದೆ! ಆ ಮಾತು ನನಗೆ ಯಾರು ಹೇಳಿಕೊಟ್ಟಿದ್ದರು? ಯಾರೂ ಇಲ್ಲ. ಎಂದಿನ ಹಾಗೆ ತಟ್ಟನೆ ಬಾಯಿಗೆ ಬಂದಿತ್ತು, ಅಷ್ಟೇ. ನಾನು ಅಷ್ಟಕ್ಕೇ ಬಿಡದೆ, “ಸುಳ್ಳ ಹೇಳೋ ಬಾಯಿ ಔರಾದಕ್ಕ ಬ್ಯಾಡ, ಬ್ಯಾರೆದವರು ಹೋಗ್ತಾರ” ಅಂದೆ. ದರ್ಜಿ ತಲೆ ತಗ್ಗಿಸಿ ಮೊಬೈಲನ್ನು ಮತ್ತೆ ಅದೇ ನೀಲಿ ಬಟ್ಟೆಯಲ್ಲಿ ಸುತ್ತಿಕೊಂಡು ಹೊರಟರು. ನನ್ನ ಮಾತನ್ನು ಅವರು ನಂಬಿದ್ದರು.

ಮೂರು ದಿನ ಆ ಹುಡುಗಿ ಮುಂದಿನ ಸಾಲು ಬಿಟ್ಟು ಗೋಡೆ ಪಕ್ಕ ಕುಳಿತಳು. ಅವಳ ಕಡೆ ನೋಡಿದಾಗಲೆಲ್ಲ ನನಗೆ ಏನೋ ಸರಿಯಿಲ್ಲ ಅನ್ನಿಸುತ್ತಿತ್ತು. ಏನು ಎಂದು ತಿಳಿಯಲಿಲ್ಲ. ತಿಳಿಯದ್ದಕ್ಕೇ ಇನ್ನಷ್ಟು ಸಿಟ್ಟು ಮಾಡಿಕೊಂಡು ಓಡಾಡಿದೆ.

ಆ ಭಾನುವಾರ ಭಾಲ್ಕಿಯ ನಮ್ಮ ಮನೆಯ ಪಡಸಾಲೆಯಲ್ಲಿ ಅತ್ತೆ ಮೊರದಲ್ಲಿ ತೊಗರಿಬೇಳೆ ಆರಿಸುತ್ತಿದ್ದರು. ನಾನು ಪಟ್ಟಿ ಹಿಡಿದು ಪಕ್ಕದಲ್ಲಿ ಕುಳಿತಿದ್ದೆ. ಹತ್ತರಲ್ಲಿ ಇನ್ನೂ ಮೂರು ಬಾಕಿ. ನನ್ನ ಮೊಬೈಲು ಚಾರ್ಜಿಗೆ ಹಾಕಿತ್ತು, ಆದ್ದರಿಂದ ಗಂಡನದನ್ನು ತೆಗೆದುಕೊಂಡೆ. ಅವರದು ಬೀಜದ ಅಂಗಡಿ. ದಿನವೆಲ್ಲ ಮಹಾರಾಷ್ಟ್ರದ ಕಡೆಯ ವ್ಯಾಪಾರಿಗಳ ಜೊತೆ ಹಿಂದಿ ಮಾತು, ಮೊಬೈಲನ್ನೂ ಹಿಂದಿಗೇ ಇಟ್ಟುಕೊಂಡಿದ್ದಾರೆ. ನನಗೆ ಅದೆಲ್ಲ ಯಾಕೆ ನೆನಪಿಗೆ ಬರಬೇಕು? ಮೈಕು ಒತ್ತಿ ಗಟ್ಟಿಯಾಗಿ “ಸಾಲಿ ಹಾಡು” ಅಂದೆ.

ತೆರೆಯ ತುಂಬ ಅವೇ ಹೆಂಗಸರು ಬಂದು ನಿಂತರು. ಬಂದದ್ದಲ್ಲದೆ ಮೊದಲನೆಯದು ತಾನೇ ಶುರುವಾಗಿ, ಒಬ್ಬ ಗಂಡಸು ಹಿ ಹಿ ಎಂದು ನಗುತ್ತ ಏನೇನೋ ಒದರತೊಡಗಿದ. ನಿಲ್ಲಿಸಲು ಹೋಗಿ ದನಿ ಇನ್ನೂ ಏರಿಸಿದೆ. ಅತ್ತೆ ಮೊರ ಕೆಳಗಿಟ್ಟರು. ಕನ್ನಡಕ ಮೇಲೆ ಮಾಡಿ ತೆರೆಯನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು.

“ಇದೇನಾ ನೀ ಎರಡು ವಾರದಿಂದ ಹುಡುಕ್ಲತ್ತಿದ್ದಿ?”

“ಅಲ್ರಿ ಅತ್ತಿ, ನಾ ಸಾಲಿ ಅಂದೆ! ಬರೀ ಸಾಲಿ ಅಂದೆ!”

“ಹೂಂ, ಅಂದಿ. ಬಂತಲ್ಲ” ಎಂದು ಅತ್ತೆ ಮೊರ ಎತ್ತಿಕೊಂಡು ಒಳಗೆ ನಡೆದರು.

ಆಗ ಓದಿದೆ. ತೆರೆಯ ಮೇಲ್ತುದಿಯಲ್ಲಿ ಹಿಂದಿ ಅಕ್ಷರದಲ್ಲಿ ದೊಡ್ಡದಾಗಿ ಇತ್ತು. ಸಾಲಿ. ಹಿಂದಿಯಲ್ಲಿ, ದಖನಿಯಲ್ಲಿ, ಸಾಲಿ ಅಂದರೆ ಹೆಂಡತಿಯ ತಂಗಿ. ಬೈಗುಳವೂ ಅದೇ. ಭಾವ ಮತ್ತು ಹೆಂಡತಿಯ ತಂಗಿ ಎಂದು ಜಗತ್ತಿನಲ್ಲಿ ಏನೆಲ್ಲ ಹೊಲಸು ಮಾಡಿಟ್ಟಿದ್ದಾರೋ ಅದನ್ನೆಲ್ಲ ಆ ಮೊಬೈಲು ಎತ್ತಿ ತಂದು ನನ್ನ ಮುಂದೆ ಸುರಿದಿತ್ತು. ನನ್ನ ಮೊಬೈಲು ಕನ್ನಡದ್ದು, ಸಾಲಿ ಅಂದರೆ ಶಾಲೆ ಎಂದು ತಿಳಿದುಕೊಂಡಿತ್ತು. ದರ್ಜಿಯ ಮೊಬೈಲು, ದಖನಿ ಮಾತು ಅದಕ್ಕೆ ತಿಳಿಯಲೆಂದು, ಹಿಂದಿಗೆ ಇಟ್ಟದ್ದು. ಈ ಎರಡೂ ಮಾತು ಹುಟ್ಟಿದಾಗಿನಿಂದ ನನ್ನ ಕಿವಿಯಲ್ಲಿವೆ. ಸಂತೆಯಲ್ಲಿ ಆ ಬೈಗುಳ ಕೇಳುತ್ತೇನೆ, ಶಾಲೆಯಲ್ಲಿ ಸಾಲಿ ಎನ್ನುತ್ತೇನೆ. ಎರಡೂ ಒಂದೇ ಸದ್ದು ಎಂದು ಒಂದು ದಿನವೂ ನನಗೆ ಹೊಳೆದಿರಲಿಲ್ಲ. ಹೊಳೆಯುವುದಾದರೂ ಹೇಗೆ? ನನಗೆ ಈಗಲೂ ಅರ್ಥವಾಗದ್ದು ಇದೇ.

ಮೂರು ಸಲ ಸಾಲಿ ಅಂದೆನ್ರಿ ಎಂದು ಆ ಮಗು ಹೇಳಿತ್ತಲ್ಲ. ನಾನು ಹೇಳಿಕೊಟ್ಟದ್ದನ್ನು ಒಂದು ಅಕ್ಷರ ಬಿಡದೆ ಮಾಡಿತ್ತು. ಮೊದಲನೆಯ ಸಲ ಹೊಲಸು ಬಂದಾಗ, ತಾನು ಸಾಲಿ ಎಂದು ಸರಿಯಾಗಿ ಅನ್ನಲಿಲ್ಲವೇನೋ ಎಂದು ಇನ್ನೊಮ್ಮೆ ಅಂದಿರಬೇಕು.

ಸೋಮವಾರ ಶಾಲೆಗೆ ಹೋಗುವ ಮೊದಲು ಠಾಣಾ ಕುಶನೂರಿನ ಹೊಲಿಗೆ ಅಂಗಡಿಗೆ ಹೋದೆ. ದರ್ಜಿ ಯಂತ್ರ ನಿಲ್ಲಿಸಿ ಎದ್ದು ನಿಂತರು.

“ನಿಮ್ಮ ಮೊಬೈಲ್ ತೆಗೀರಿ. ಸಾಲಿ ಅಂತ ಅನ್ರಿ ಅದ್ರಾಗ. ನೀವೇ ಅನ್ರಿ.”

ಅವರು ಮುಜುಗರದಿಂದ ಅಂದರು. ಅಂದ ಕೂಡಲೇ ತಮ್ಮ ಬಾಯಿಂದ ಬಂದದ್ದು ತಮ್ಮ ಕಿವಿಗೇ ಕೇಳಿಸಿತು. “ಅರೆ! ಸಾಲಿ… ಸಾಲಿ!” ಎಂದು ಹಣೆ ಬಡಿದುಕೊಂಡು ನಕ್ಕೇಬಿಟ್ಟರು. ನಾನೂ ನಗಲು ಹೋದೆ. ಅಷ್ಟರಲ್ಲಿ ಅವರ ನಗು ನಿಂತಿತು. ಸ್ಟೂಲಿನ ಮೇಲೆ ಕುಳಿತುಕೊಂಡರು.

“ನಾ ಅಕಿಗಿ ಹೊಡ್ದೆನ್ರಿ, ಟೀಚರ್. ಅವತ್ತು ಸಾಲಿಯಿಂದ ಬಂದು ಹೊಡ್ದೆ. ಸುಳ್ಳ ಹೇಳ್ದಿ ಅಂತ. ಅಕಿ ಹುಟ್ಟಿದ್ ಮ್ಯಾಲ ಅದೇ ಮದಲ್ನೇ ಸಲ.”

ಹೊಡೆದದ್ದು ಅವರ ಕೈ, ಹೊಡೆಸಿದ್ದು ನಾನು. “ತಪ್ಪು ನಂದೇ ಅದ್ರಿ” ಅಂದೆ. ಜೀವನದಲ್ಲಿ ಆ ಮಾತು ಎಷ್ಟು ಸಲ ಅಂದಿದ್ದೇನೋ, ಎಣಿಸಲು ಒಂದು ಕೈಯ ಬೆರಳು ಸಾಕು. “ಅಕಿಗಿ ಔರಾದಕ್ಕ ಕಳಿಸ್ರಿ. ನಾ ಕೈ ಹಿಡ್ದು ಕರ್ಕೊಂಡು ಹೋಗ್ತೇನಿ, ಕೈ ಹಿಡ್ದು ತಂದು ಬಿಡ್ತೇನಿ.” ಅವರು “ಜಾವ್ ಬೋಲ್ತೂ ಜೀ, ಹೋಗು ಅಂತೇನಿ. ಅಕಿ ಮನಸ್ಸಿಗಿ ಬಂದ್ರ ಹೋಗ್ತಾಳ” ಅಂದರು.

ತಪ್ಪನ್ನು ಒಪ್ಪಿಕೊಳ್ಳುವುದೂ ನನಗೆ ಸರಿಯಾಗಿ ಬರುವುದಿಲ್ಲ. ತರಗತಿಗೆ ಹೋಗಿ ಮೂವತ್ತು ಮಕ್ಕಳ ಮುಂದೆ ಆ ಹುಡುಗಿಯನ್ನು ನಿಲ್ಲಿಸಿ, ಇವಳು ಸುಳ್ಳು ಹೇಳಿರಲಿಲ್ಲ, ತಪ್ಪು ನನ್ನದು ಎಂದೆ. ಅಲ್ಲಿಗೇ ನಿಲ್ಲಿಸಿದ್ದರೆ ಆಗುತ್ತಿತ್ತು. ಯಾಕೆ, ಹೇಗೆ ಎಂದು ಬಿಡಿಸಿ ಹೇಳುವುದೇ ನನ್ನ ಕಸುಬು. ಹಿಂದಿಯಲ್ಲಿ ಸಾಲಿ ಅಂದರೆ ಬೇರೆ, ಅದು ಬೈಗುಳ ಕೂಡ, ಅದಕ್ಕೇ ಮೊಬೈಲು ಕೆಟ್ಟದ್ದನ್ನು ತೋರಿಸಿತು ಎಂದು ಪಾಠದ ಹಾಗೆ ಹೇಳಿದೆ. ಹಿಂದಿನ ಸಾಲಿನಲ್ಲಿ ಒಬ್ಬರು ಕಿಸಕ್ಕನೆ ನಕ್ಕರು. ಆಮೇಲೆ ಇನ್ನೊಬ್ಬರು. ಮಧ್ಯಾಹ್ನದ ಹೊತ್ತಿಗೆ ಇಡೀ ಅಂಗಳದಲ್ಲಿ ಅದೇ ಆಟ. ಒಬ್ಬರು “ಸಾಲಿ!” ಎನ್ನುವುದು, ಉಳಿದವರು ಬಿದ್ದು ಬಿದ್ದು ನಗುವುದು. ಎರಡು ಸಲ ಆ ಹುಡುಗಿಯ ಕಿವಿಯ ಹತ್ತಿರವೇ ಹೋಗಿ ಅಂದರು. ನಾನು ಕೋಲು ಹಿಡಿದು ಓಡಿದೆ, ಚದುರಿದರು. ನನ್ನ ಬೆನ್ನು ತಿರುಗಿದ ಮೇಲೆ ಮತ್ತೆ ನಗು ಕೇಳಿಸಿತು.

ಪಟ್ಟಿಯನ್ನು ಏಳಕ್ಕೇ ಮುಗಿಸಿ ಗೋಡೆಗೆ ಅಂಟಿಸಿದೆ. ಆ ಏಳು ಸುರಕ್ಷಿತವೇ ಎಂದು ಯಾರಾದರೂ ಕೇಳಿದರೆ ಏನು ಹೇಳಬೇಕೋ ನನಗೆ ತಿಳಿಯದು. ನಾನು ನೋಡಿದ ದಿನ, ನನ್ನ ಮೊಬೈಲಿನಲ್ಲಿ, ಸುರಕ್ಷಿತವಾಗಿದ್ದವು.

ಹುಡುಗಿ ಔರಾದಕ್ಕೆ ಬಂದಳು. ತಂದೆ ಹೊಸದಾಗಿ ಹೊಲಿದ ಸಮವಸ್ತ್ರ, ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ. ದಾರಿಯುದ್ದಕ್ಕೂ ಭಾಷಣ ಹೇಳಿಸಬೇಕೆಂದುಕೊಂಡಿದ್ದೆ. “ಬರ್ತದ್ರಿ” ಎಂದು ಕಿಟಕಿಯ ಹೊರಗೆ ನೋಡುತ್ತ ಕುಳಿತಳು. ಮೊದಲು ಹೀಗಿರಲಿಲ್ಲ. ಬಸ್ಸಿನಲ್ಲಿ ಕಂಡಕ್ಟರನ ಜೊತೆಗೂ ಮಾತಿಗಿಳಿಯುವ ಹುಡುಗಿ ಅದು.

ವೇದಿಕೆಯ ಮೇಲೆ ಅವಳ ಹೆಸರು ಕರೆದಾಗ ನಾನು ಮುಂದಿನ ಕುರ್ಚಿಗೆ ಸರಿದು ಕುಳಿತೆ. ಅವಳು ಮೈಕಿನ ಮುಂದೆ ನಿಂತು ಕೈ ಮುಗಿದು ಶುರು ಮಾಡಿದಳು.

“ನಮ್ಮ ಶಾಲೆಗೆ ಎರಡು ಬಾಗಿಲುಗಳಿವೆ. ಒಂದು ರಸ್ತೆಯ ಕಡೆಗೆ, ಒಂದು ತೊಗರಿಯ ಹೊಲದ ಕಡೆಗೆ.”

ಎಲ್ಲಿಯೂ ತಪ್ಪಲಿಲ್ಲ, ತಡವರಿಸಲಿಲ್ಲ. ಶಾಲೆ, ಶಾಲೆಗೆ, ಶಾಲೆಯಲ್ಲಿ. ಅವಳು ಯಾವಾಗ, ಯಾರನ್ನು ಕೇಳಿ ಇಡೀ ಭಾಷಣವನ್ನು ಪುಸ್ತಕದ ಮಾತಿಗೆ ತಿರುಗಿಸಿದಳೋ ನನಗೆ ಗೊತ್ತಿಲ್ಲ. ತೊಗರಿ ಬಾಗಿಲಿನಿಂದ ಓಡಿ ಬರುವುದೂ ಇರಲಿಲ್ಲ, “ಬರುತ್ತೇನೆ” ಎಂದಷ್ಟೇ ಇತ್ತು. ಎರಡನೆಯ ಬಹುಮಾನ ಬಂತು. ತೀರ್ಪು ಹೇಳಿದವರು ನನ್ನನ್ನು ಕರೆದು, “ಮನಿ ಮಾತು ದಖನಿ ಇದ್ರೂ ಎಷ್ಟು ಶುದ್ಧ ಕನ್ನಡ ಕಲಿಸೀರಿ, ಮೇಡಂ!” ಎಂದು ಹೊಗಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಸಂಜೆಯ ಬಸ್ಸು ತುಂಬಿ ತುಳುಕುತ್ತಿತ್ತು. ಕಾಲಡಿಯಲ್ಲಿ ಸೋಯಾ ಚೀಲಗಳು, ಹಿಂದಿನ ಸೀಟಿನಲ್ಲಿ ನಾಲ್ಕೈದು ಜನ ಗಂಡಸರು ಹಿಂದಿ, ಮರಾಠಿ, ಕನ್ನಡ ಎಲ್ಲ ಕಲಸಿ ಹರಟೆ ಹೊಡೆಯುತ್ತಿದ್ದರು. ಹುಡುಗಿ ಬಹುಮಾನದ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ನನಗೆ ಒರಗಿ ಕುಳಿತಿದ್ದಳು. ಠಾಣಾ ಕುಶನೂರು ಹತ್ತಿರ ಬಂದಾಗ ತಲೆ ಎತ್ತಿ ಕೇಳಿದಳು.

“ಟೀಚರ್ರಿ, ನಾಳಿ ಅದ ಏನ್ರಿ?”

“ಏನ?” ಅಂದೆ.

ಅವಳು ಹಿಂದಿನ ಸೀಟಿನ ಕಡೆ ಒಮ್ಮೆ ನೋಡಿದಳು. ಆಮೇಲೆ ನನ್ನ ಭುಜ ಹಿಡಿದು ಮೇಲೆದ್ದು, ಕಿವಿಗೆ ಬಾಯಿ ಹಚ್ಚಿ, ಬರೀ ಉಸಿರಿನಲ್ಲಿ ಅಂದಳು. “ಸಾಲಿ.”

ಗಟ್ಟಿಯಾಗಿ ಹೇಳಬೇಕೆಂದು ಬಾಯಿ ತೆರೆದೆ. ಅದ, ಸಾಲಿ ಅದ, ಯಾಕ ಇರಂಗಿಲ್ಲ ಎಂದು ಇಡೀ ಬಸ್ಸಿಗೆ ಕೇಳುವ ಹಾಗೆ. ಇಪ್ಪತ್ತೆರಡು ವರ್ಷ ಹೇಳಿದ ಮಾತು. ಆದರೆ ನಾನೂ ಒಮ್ಮೆ ಹಿಂದಕ್ಕೆ ತಿರುಗಿ ನೋಡಿದೆ. ನೋಡಿ, ಅವಳ ಕಿವಿಯ ಹತ್ತಿರ ಬಗ್ಗಿ, ಮೆಲ್ಲಗೆ “ಅದ” ಅಂದೆ.